6/400ರ ಮೋರಿ

ಆ ರಸ್ತೆಯನ್ನು ಒಮ್ಮೆಯೂ ನೋಡದೆ ಅದರ ಎಸ್ಟಿಮೇಟ್ ಮಾಡಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಡಿಪ್ಲೊಮಾ ಸಿವಿಲ್. ಮನೆ ಬೆಳಗಾವಿಯ ಶಹಾಪುರದಲ್ಲಿ. ರಸ್ತೆ, ಮೋರಿ, ಸಣ್ಣ ಸೇತುವೆಗಳ ಡ್ರಾಯಿಂಗ್ ಮಾಡಿಕೊಡುವ ಒಂದು ಚಿಕ್ಕ ಕನ್ಸಲ್ಟೆನ್ಸಿಯಲ್ಲಿ ಹದಿನೇಳು ವರ್ಷದಿಂದ ಕೆಲಸ. 2021ರ ಜನವರಿಯಲ್ಲಿ ಖಾನಾಪುರ ತಾಲ್ಲೂಕಿನ ಕಾಡಿನೊಳಗಿನ 11 ಕಿಲೋಮೀಟರ್ ರಸ್ತೆಯೊಂದು ನಮ್ಮ ಟೇಬಲ್ಲಿಗೆ ಬಂತು. ಊರಿನ ಹೆಸರು ಬೇಡ, ಅಲ್ಲಿಯ ಜನ ಇನ್ನೂ ನನ್ನ ಜೊತೆ ಮಾತಾಡುತ್ತಾರೆ. ಹಳೇ ರಸ್ತೆ 3.75 ಮೀಟರ್ ಅಗಲ, ಡಾಂಬರು ಅರ್ಧ ಎದ್ದುಹೋಗಿತ್ತು. ಅದನ್ನು 7 ಮೀಟರ್ ಮಾಡಬೇಕಿತ್ತು.

ಇಂಥ ಕೆಲಸ ಹೇಗೆ ನಡೆಯುತ್ತದೆ ಅಂದರೆ, ಸರ್ವೇ ಹುಡುಗರು ಹೋಗಿ ಅಳತೆ ತರುತ್ತಾರೆ. ನಾವು ಹಿಂದಿನ ಯಾವುದೋ ರಸ್ತೆಯ ಫೈಲ್ ತೆಗೆದು ಹೆಸರು ಬದಲಾಯಿಸುತ್ತೇವೆ. ನೀರು ದಾಟುವ ಕಡೆಯಲ್ಲೆಲ್ಲ 900 ಮಿಲಿಮೀಟರ್ ಹ್ಯೂಮ್ ಪೈಪ್, ಅಂದರೆ ಕಾಂಕ್ರೀಟ್ ಕೊಳವೆ. ಗುಡ್ಡದ ಕಡೆ ಮಣ್ಣು ಜಾರದಂತೆ ಬ್ರೆಸ್ಟ್ ವಾಲ್, ಇಳಿಜಾರಿನ ಕಡೆ ರಸ್ತೆಯನ್ನು ಹಿಡಿದಿಡುವ ರಿಟೇನಿಂಗ್ ವಾಲ್, ಬದಿಗೆ ಯು ಆಕಾರದ ಕಾಂಕ್ರೀಟ್ ಗಟಾರ. ಬೈಲಹೊಂಗಲದ ಕಪ್ಪು ನೆಲದಲ್ಲಿ ಮಾಡಿದ ಗಟಾರವೇ ಖಾನಾಪುರದ ಕಾಡಿಗೂ ಬಂತು. ಯಾರೂ ಕೇಳುವುದಿಲ್ಲ.

ಈ ಸಲ ಕೇಳಿದರು.

ರಸ್ತೆ ಅಗಲ ಮಾಡಲು ಅರಣ್ಯ ಭೂಮಿ ಬೇಕು. ಅದಕ್ಕೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮೊದಲ ಭಾಗ ರಸ್ತೆ ಮಾಡುವವರು ತುಂಬಬೇಕು, ಎರಡನೇ ಭಾಗ ಅರಣ್ಯ ವಿಭಾಗದ ಅಧಿಕಾರಿ. ನಮ್ಮ ಮೊದಲ ಭಾಗ ಎರಡು ಸಲ ವಾಪಸ್ ಬಂತು. ಪ್ರಶ್ನೆ ಒಂದೇ: ಪ್ರಾಣಿಗಳು ದಾಟುವ ಜಾಗ ಯಾವುವು, ಅಲ್ಲಿ ಏನು ಮಾಡುತ್ತೀರಿ? ಮೊದಲ ಸಲ ‘ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಅಂತ ಬರೆದು ಕಳಿಸಿದ್ದೆವು. ಎರಡನೇ ಸಲ ಅದೇ ಸಾಲನ್ನು ಸ್ವಲ್ಪ ಉದ್ದ ಮಾಡಿದ್ದೆವು.

‘ನೋಡಪಾ, ಈ ಕ್ವೇರಿ ಹಿಂಗ ಬಿಡಂಗಿಲ್ಲ,’ ಅಂದರು ನಮ್ಮ ಮಾಲೀಕರು. ‘ನೀ ಒಂದ್ಸಲ ಹೋಗಿ ನಡಕೊಂತ ನೋಡಿ ಬಾ.’

ಇಷ್ಟೊಂದು ಬಿಗಿ ಯಾಕೆ ಅಂತ ಆಗ ನನಗೂ ಸಿಟ್ಟು ಬಂದಿತ್ತು. ನಕಾಶೆ ಬಿಡಿಸಿದ ಮೇಲೆ ಸ್ವಲ್ಪ ಅರ್ಥವಾಯಿತು. ಖಾನಾಪುರದ ಕಾಡು ಒಂಟಿಯಲ್ಲ. 2011ರಲ್ಲಿ ಘೋಷಣೆಯಾದ ಭೀಮಗಡ ಅಭಯಾರಣ್ಯ ಇಲ್ಲಿದೆ. ದಕ್ಷಿಣಕ್ಕೆ ದಾಂಡೇಲಿ, ಅಣಶಿಯ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಪಶ್ಚಿಮಕ್ಕೆ ಗಡಿ ದಾಟಿದರೆ ಗೋವಾದ ಮಹದಾಯಿ ಅಭಯಾರಣ್ಯ. ಉತ್ತರಕ್ಕೆ ಮಹಾರಾಷ್ಟ್ರದ ತಿಲಾರಿ, ರಾಧಾನಗರಿ, ಅದರಾಚೆ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ. ಮೂರು ರಾಜ್ಯಗಳ ಕಾಡು ಸರದ ಮಣಿಯಂತೆ ಸಾಲಾಗಿವೆ, ಖಾನಾಪುರ ನಡುವಿನ ದಾರ. 2002ರ ಸುಮಾರಿಗೆ ಆನೆಗಳು ನಮ್ಮ ಕಡೆಯಿಂದ ಸಿಂಧುದುರ್ಗಕ್ಕೆ ಹೋದದ್ದೂ ಈ ಕಾಡುಗಳನ್ನೇ ಹಿಡಿದು. ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. ಎರಡು ಸಂರಕ್ಷಿತ ಕಾಡುಗಳನ್ನು ಜೋಡಿಸುವ ನೆಲವನ್ನು ಬೇರೆ ಕೆಲಸಕ್ಕೆ ಕೊಡಬೇಕಾದರೆ, ವನ್ಯಜೀವಿ ಕಾಯ್ದೆಯ 38-ಒ ಕಲಮಿನ ಪ್ರಕಾರ ಹುಲಿ ಪ್ರಾಧಿಕಾರದ ಸಲಹೆ ಬೇಕು, ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಅಭಯಾರಣ್ಯದ ಹೊರಗಿದ್ದರೂ ಸರಿ.

ಫೆಬ್ರುವರಿಯಲ್ಲಿ ಹೋದೆ. ಜೊತೆಗೆ ಅರಣ್ಯ ಇಲಾಖೆಯ ವಾಚರ್ ಒಬ್ಬರು, ಮತ್ತು ಅವರೇ ಕರೆಸಿದ್ದ ಗೌಳಿವಾಡಾದ ಹಿರಿಯರು. ಎಲ್ಲರೂ ಕಾಕಾ ಅಂತಾರೆ, ನಾನೂ ಹಾಗೇ ಕರೆದೆ. ಅರವತ್ತು ದಾಟಿದ ಮನುಷ್ಯ, ಎಮ್ಮೆ ಕಾಯುತ್ತ ಆ ಕಾಡಿನಲ್ಲೇ ಬೆಳೆದವರು. ಮನೆಮಾತು ಮರಾಠಿ, ನಮ್ಮ ಜೊತೆ ಕನ್ನಡ.

ನಾನು ಜಾಣನಂತೆ ಎಲ್ಲಾ ಹಳ್ಳಗಳನ್ನು ಮೊದಲೇ ಗುರುತು ಮಾಡಿಕೊಂಡು ಹೋಗಿದ್ದೆ. ಪ್ರಾಣಿ ನೀರಿಗೆ ಬರುತ್ತದೆ, ಹಳ್ಳದಲ್ಲಿ ದಾಟುತ್ತದೆ, ಅಲ್ಲಿ ಮೋರಿ ದೊಡ್ಡದು ಮಾಡಿದರೆ ಆಯಿತು ಅಂತ ನನ್ನ ಲೆಕ್ಕ. ಕಾಕಾ ನಕ್ಕರು.

‘ಸಾಹೇಬ್ರ, ನೀರಿಗೆ ಬರ್ತಾವು ಖರೆ. ಆದ್ರ ಗವಾ ದಾಟೂದು ಖಿಂಡ್ಯಾಗ. ಮ್ಯಾಲಿಂದ ನಾಕೂ ಕಡೆ ಕಾಣತೈತಿ. ತಗ್ಗಿನ್ಯಾಗ ಏನ್ ಕಾಣತೈತಿ?’

ಗವಾ ಅಂದರೆ ಕಾಡೆಮ್ಮೆ, ಖಿಂಡಿ ಅಂದರೆ ಎರಡು ಗುಡ್ಡದ ನಡುವೆ ಹತ್ತಿ ದಾಟುವ ಎತ್ತರದ ಜಾಗ. ನಮ್ಮ ರಸ್ತೆ ಆ ಖಿಂಡಿಯನ್ನು 7/900ರಲ್ಲಿ, ಅಂದರೆ 7 ಕಿಲೋಮೀಟರ್ 900 ಮೀಟರಿನಲ್ಲಿ, ಹತ್ತಿ ಇಳಿಯುತ್ತಿತ್ತು. ನನ್ನ ಡ್ರಾಯಿಂಗ್‌ನಲ್ಲಿ ಅಲ್ಲಿ ಏನಿತ್ತು ಗೊತ್ತಾ? ಏರು ಜಾಸ್ತಿ ಅಂತ ಖಿಂಡಿಯನ್ನೇ ಕಡಿದು ಇಳಿಸಿದ್ದೆ. ಎರಡೂ ಬದಿ ಐದು ಮೀಟರ್ ಎತ್ತರದ ಗೋಡೆ. ಕಾಡೆಮ್ಮೆ ಮೇಲಿನಿಂದ ಬಂದು ಗೋಡೆಯ ತುದಿಯಲ್ಲಿ ನಿಲ್ಲಬೇಕು. ಹೇಗೋ ಕೆಳಗೆ ಇಳಿದರೂ ಎದುರು ಇನ್ನೊಂದು ಗೋಡೆ. ಆಮೇಲೆ ರಸ್ತೆಗುಂಟ ಓಡಬೇಕು, ಹಿಂದೆ ಲಾರಿ ಬರುತ್ತಿದ್ದರೂ. ಆವತ್ತು ಆ ಜಾಗದಲ್ಲಿ ನಿಂತು ಕಾಕಾನ ಬೆರಳು ಹಿಡಿದ ಕಡೆ ನೋಡಿದೆ. ನೆಲ ಸವೆದು ಎರಡಡಿ ಅಗಲದ ಜಾಡು. ಬದಿಯ ಮರದ ತೊಗಟೆ ನನ್ನ ಎದೆಮಟ್ಟದಲ್ಲಿ ಉಜ್ಜಿ ನುಣುಪಾಗಿತ್ತು. ನಮ್ಮ ಸರ್ವೇ ಹುಡುಗರು ಅದೇ ಮರಕ್ಕೆ ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದರು.

ಆವತ್ತಿನವರೆಗೆ ನನ್ನ ತಲೆಯಲ್ಲಿ ರಸ್ತೆಯಿಂದ ಪ್ರಾಣಿಗೆ ತೊಂದರೆ ಅಂದರೆ ಡಾಂಬರು, ಗಾಡಿ, ಹಾರ್ನು. ಹನ್ನೊಂದು ಕಿಲೋಮೀಟರ್ ನಡೆದ ಮೇಲೆ ತಿಳಿದದ್ದು, ಬಹಳ ಕಡೆ ಡಾಂಬರಿಗಿಂತ ಅಂಚೇ ಕೆಟ್ಟದ್ದು. ಗೋಡೆ ಮತ್ತು ಗಟಾರ. ಎರಡೂ ನಾನು ಸುಮ್ನೆ ಕಾಪಿ ಹೊಡೆದವು.

ಆಮೇಲೆ ಒಂದು ತಿಂಗಳು ಲೆಕ್ಕದ ಕೆಲಸ. ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವ ಎರಡು ಕ್ಯಾಮೆರಾ ಟ್ರ್ಯಾಪ್ ಇಲಾಖೆಯವರು ಕೊಟ್ಟರು. ನಾನೇ ಕಟ್ಟಿದೆ, ನಾನೇ ತಪ್ಪಿದೆ. ಮೊದಲ ವಾರದ ಫೋಟೋಗಳಲ್ಲಿ ಗಾಳಿಗೆ ಅಲ್ಲಾಡುವ ಹುಲ್ಲು, ಕಾಕಾನ ಎಮ್ಮೆ, ನನ್ನ ಎರಡು ಕಾಲು. ಮುಂದಿನ ಹುಲ್ಲು ಕೊಯ್ದು ಮೊಣಕಾಲಿನ ಎತ್ತರಕ್ಕೆ ಕಟ್ಟಬೇಕು ಅಂತ ವಾಚರ್ ತೋರಿಸಿಕೊಟ್ಟರು. ಕ್ಯಾಮೆರಾ ಇಲ್ಲದ ಕಡೆ ಇನ್ನೂ ಸರಳ ಉಪಾಯ: ಸಂಜೆ ರಸ್ತೆಗೆ ಅಡ್ಡಲಾಗಿ ಜರಡಿ ಹಿಡಿದ ಮಣ್ಣು ಚೆಲ್ಲಿ, ಬೆಳಿಗ್ಗೆ ಹೆಜ್ಜೆ ನೋಡುವುದು. ಕಡವೆ, ಕಾಡುಹಂದಿ, ಮುಳ್ಳುಹಂದಿ, ಒಂದು ಕರಡಿ ಹೆಜ್ಜೆ. ಬರಿಗಾಲಿನ ಮನುಷ್ಯ ನಡೆದಂತೆಯೇ ಇರುತ್ತದೆ, ಉಗುರು ಬಿಟ್ಟರೆ. ಖಿಂಡಿಯ ಕ್ಯಾಮೆರಾದಲ್ಲಿ ಕಾಡೆಮ್ಮೆ ಹಿಂಡು ಮತ್ತೆ ಮತ್ತೆ ಬಂತು, ಚಿರತೆ ಒಂದೇ ಸಲ. ಹುಲಿ ಬರಲಿಲ್ಲ.

ನಮ್ಮ ಮಾಲೀಕರಿಗೆ ಬೇಜಾರು. ಹುಲಿ ಸಿಕ್ಕಿದ್ದರೆ ಫೈಲ್ ಓಡುತ್ತಿತ್ತು ಅಂತ ಅವರ ಅಂದಾಜು. ಹುಲಿ ಇಲ್ಲ ಅಂದಮೇಲೆ ಇಷ್ಟೆಲ್ಲ ಯಾಕೆ ಅಂತ ರಸ್ತೆ ಕಡೆಯವರೊಬ್ಬರು ಕೇಳಿದರು. ಅದಕ್ಕೆ ವಾಚರ್ ಹೇಳಿದ ಮಾತು ನನಗೆ ಪುಸ್ತಕದಂತೆ ಕೂತಿದೆ: ‘ಸರ, ಅದು ವರ್ಷಕ್ಕ ಒಮ್ಮೆ ದಾಟಿದ್ರೂ ಸಾಕ್ರಿ. ಆ ಒಂದ್ಸಲ ದಾರಿ ಇರಬೇಕಷ್ಟ.’

ನಾವು ರಸ್ತೆಗೆ ಟ್ರಾಫಿಕ್ ಕೌಂಟ್ ಮಾಡುತ್ತೇವೆ. ಒಂದು ದಿನಕ್ಕೆ ಎಷ್ಟು ಗಾಡಿ ಹೋಗುತ್ತದೋ ಅದರ ಮೇಲೆ ಅಗಲ. ಅದೇ ಲೆಕ್ಕವನ್ನು ಪ್ರಾಣಿಗೆ ಹಾಕುವುದು ತಪ್ಪು. ತಾಯಿಯನ್ನು ಬಿಟ್ಟು ಹೊಸ ಜಾಗ ಹುಡುಕುತ್ತ ಹೊರಟ ಹರೆಯದ ಹುಲಿ ಒಂದು ದಾರಿಯಲ್ಲಿ ಒಮ್ಮೆ ಹೋಗಬಹುದು, ವಾಪಸ್ ಬರದೇ ಇರಬಹುದು. ಆಚೆ ಗೋವಾದಲ್ಲಿ ಹುಲಿ ಇಲ್ಲ, ಸುಮ್ನೆ ಹಾದುಹೋಗುತ್ತವೆ ಅಂತ ಬಹಳ ಜನ ಹೇಳುತ್ತಿದ್ದರು. 2020ರ ಜನವರಿಯಲ್ಲಿ ಸತ್ತರಿ ತಾಲ್ಲೂಕಿನಲ್ಲಿ ವಿಷ ತಿಂದು ನಾಲ್ಕು ಹುಲಿ ಸತ್ತವು, ತಾಯಿ ಮತ್ತು ಮರಿಗಳು. ಹಾದುಹೋಗುವವರು ಸಂಸಾರ ಕಟ್ಟಿಕೊಂಡು ಇರುತ್ತಾರಾ?

ಜೂನ್ ಬಂತು. ಮಳೆಯಲ್ಲಿ ಒಂದು ರಾತ್ರಿ ನಡೆಯಲೇಬೇಕು ಅಂತ ವಾಚರ್ ಹಟ ಹಿಡಿದರು. ಖಾನಾಪುರದ ಪಶ್ಚಿಮದ ಮಳೆ ಬೆಳಗಾವಿಯ ಮಳೆಯಲ್ಲ. ಅಲ್ಲಿ ಕೊಡೆ ತೋರಿಕೆಗೆ ಮಾತ್ರ. ಟಾರ್ಚ್ ಹಿಡಿದು ಎರಡು ಕಿಲೋಮೀಟರ್ ನಡೆದೆವು. ಹೆಜ್ಜೆ ಇಡಲು ಜಾಗ ಇಲ್ಲದಷ್ಟು ಕಪ್ಪೆ. ದಾಟುತ್ತಿದ್ದವು ಅರ್ಧ, ಚಪ್ಪಟೆಯಾದವು ಅರ್ಧ. ಆ ರಾತ್ರಿ ಆ ರಸ್ತೆಯಲ್ಲಿ ಹೋದದ್ದು ಬರೀ ಮೂರು ಗಾಡಿ. ಎರೆಹುಳುವಿನಂತಿದ್ದ ಒಂದು ಉದ್ದನೆಯ ಜೀವವನ್ನು ವಾಚರ್ ಎಲೆಯಲ್ಲಿ ಎತ್ತಿ ಆಚೆ ಬಿಟ್ಟರು. ಅದು ಎರೆಹುಳುವೂ ಅಲ್ಲ, ಹಾವೂ ಅಲ್ಲ, ಕಪ್ಪೆಯ ಕುಲದ್ದೇ, ಕಾಲಿಲ್ಲದ್ದು. ಪಶ್ಚಿಮ ಘಟ್ಟದ ಮಣ್ಣಿನೊಳಗೆ ಇರುತ್ತದೆ, ಮಳೆಗೆ ಹೊರಬರುತ್ತದೆ. ಯು ಗಟಾರಕ್ಕೆ ಬಿದ್ದರೆ ಇದು ಹತ್ತುವುದಾದರೂ ಹೇಗೆ?

ಇಷ್ಟೊತ್ತಿಗೆ ನಾನು ಪೂರ್ತಿ ಪ್ರಾಣಿಗಳ ಪಕ್ಷ ಸೇರಿದ್ದೆ. ನಡುವೆ ಊರಿನಲ್ಲಿ ಸಭೆ ಆಯಿತು. ಗುಡಿಯ ಕಟ್ಟೆಯ ಮೇಲೆ ನಕಾಶೆ ಹರಡಿ ಮಾತು ಶುರುಮಾಡಿದೆ. ಎರಡು ನಿಮಿಷಕ್ಕೆ ಒಬ್ಬ ಹೆಣ್ಣುಮಗಳು ಎದ್ದು ನಿಂತಳು.

‘ಅಣ್ಣಾರ, ನನ್ನ ಮೈದುನನ ಹೆಂಡ್ತೀನ್ನ ಬಾಣಂತನಕ್ಕ ಕಂಬಳ್ಯಾಗ ಕಟ್ಟಿ ಹೊತ್ಕೊಂಡು ಹೋಗೀವಿ, ಮಳ್ಯಾಗ. ಅವಕ್ಕ ದಾರಿ ಬೇಕು ಅಂತೀರಿ. ನಮಗ ಬ್ಯಾಡೇನ್ರಿ?’

ಉತ್ತರ ಇರಲಿಲ್ಲ. ಇವತ್ತಿಗೂ ಕಾಡಿನೊಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ತರುವುದು ಸುಳ್ಳಲ್ಲ. ಬೆಳಗಾವಿಯಲ್ಲಿ ಕೂತು ರಸ್ತೆಯೇ ಬೇಡ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಆಕೆಯನ್ನೇ ಕೇಳಿದೆ, ಎಷ್ಟು ಅಗಲದ ರಸ್ತೆ ಬೇಕು ತಂಗಿ ಅಂತ. ‘ಬಸ್ಸು, ಆಂಬುಲೆನ್ಸ್ ಎದರಾಬದರಾ ಆದ್ರ ದಾಟಿದ್ರ ಸಾಕ್ರಿ,’ ಅಂದಳು. ಅದಕ್ಕೆ 7 ಮೀಟರ್ ಬೇಡ, 5.5 ಸಾಕು. 7 ಮೀಟರ್ ಯಾರಿಗೆ ಬೇಕಿತ್ತೋ ನನಗೆ ಗೊತ್ತಿಲ್ಲ. ಊರಿನವರಂತೂ ಕೇಳಿರಲಿಲ್ಲ.

ಆ ಒಂದು ಮಾತಿನಿಂದ ಎಸ್ಟಿಮೇಟ್ ಪೂರ್ತಿ ಬದಲಾಯಿತು. ಅಗಲ ಕಮ್ಮಿಯಾದ ಮೇಲೆ ಕಡಿಯುವ ಮರ ಕಮ್ಮಿ. ಬಹಳ ಕಡೆ ಮೇಲಿನ ಕೊಂಬೆಗಳು ಎರಡೂ ಕಡೆಯಿಂದ ಕೂಡಿಕೊಂಡೇ ಉಳಿದವು. ಮುಸ್ಯಾ ಅಂದರೆ ಕಪ್ಪು ಮೋರೆಯ ಕೋತಿ, ಅದಕ್ಕೂ ಕೆಂಜಳಿಲಿಗೂ ಅದೇ ಸೇತುವೆ. ಖಿಂಡಿಯನ್ನು ಕಡಿಯುವುದು ಬಿಟ್ಟೆ, ಏರು ಸ್ವಲ್ಪ ಜಾಸ್ತಿ ಇರಲಿ ಅಂತ ಹಳೇ ಮಟ್ಟವನ್ನೇ ಇಟ್ಟೆ. ಎರಡೂ ಗೋಡೆ ಹೋದವು. ಗೋಡೆ ಹೋದದ್ದೇ ದೊಡ್ಡ ಉಳಿತಾಯ. ಕಾಡಿನ ರಸ್ತೆಯಲ್ಲಿ ದುಡ್ಡು ತಿನ್ನುವುದು ಡಾಂಬರಲ್ಲ, ಕಡಿತ ಮತ್ತು ಗೋಡೆ. ಬೇರೆ ಕಡೆ ಗೋಡೆ ಬೇಕೇಬೇಕಾದಲ್ಲಿ ನಡುನಡುವೆ ಬಿಟ್ಟು, ಅಲ್ಲಿ ಮಣ್ಣನ್ನು ಇಳಿಜಾರಾಗಿ ಸವರಲು ಬರೆದೆ. ಯು ಗಟಾರದ ಬದಲು ತಾಟಿನಂತೆ ಆಳವಿಲ್ಲದ ಸಾಸರ್ ಡ್ರೇನ್. ಘಟ್ಟದ ರಸ್ತೆಗಳಲ್ಲಿ ಅದು ಹೊಸದೇನಲ್ಲ.

ಉಳಿದ ದುಡ್ಡನ್ನು 6/400ರ ಹಳ್ಳಕ್ಕೆ ಹಾಕಿದೆ. ಅಲ್ಲಿ ಕಡವೆ, ಹಂದಿ, ಮುಳ್ಳುಹಂದಿ ನಿಜಕ್ಕೂ ಹಳ್ಳದಲ್ಲೇ ದಾಟುತ್ತಿದ್ದವು. ಇಂಥ ಕೆಳದಾರಿಗಳಿಗೆ ಒಂದು ಲೆಕ್ಕ ಇದೆ: ಅಗಲವನ್ನು ಎತ್ತರದಿಂದ ಗುಣಿಸಿ, ಉದ್ದದಿಂದ ಭಾಗಿಸಬೇಕು. ಉತ್ತರ ದೊಡ್ಡದಾದಷ್ಟೂ ಆಚೆಯ ಬೆಳಕು ಕಾಣುತ್ತದೆ, ಪ್ರಾಣಿ ಧೈರ್ಯ ಮಾಡುತ್ತದೆ. 12 ಮೀಟರ್ ಉದ್ದದ ನನ್ನ ಹಳೇ ದುಂಡು ಪೈಪಿನ ಬಾಯಿಯ ವಿಸ್ತೀರ್ಣವನ್ನು ಹಾಗೆ ಭಾಗಿಸಿದರೆ ಉತ್ತರ 0.05. ಹೊಸ ಬಾಕ್ಸ್ ಮೋರಿ 4 ಮೀಟರ್ ಅಗಲ, 3 ಮೀಟರ್ ಎತ್ತರ, ರಸ್ತೆ ಕಿರಿದಾದ್ದರಿಂದ 9 ಮೀಟರ್ ಉದ್ದ. ಉತ್ತರ 1.33. ಒಳಗೆ ಒಂದು ಬದಿಗೆ ನೀರಿಗಿಂತ ಎತ್ತರದಲ್ಲಿ ಒಂದು ಕಟ್ಟೆ, ಮಳೆಗಾಲದಲ್ಲೂ ಕಾಲು ಒದ್ದೆಯಾಗದೆ ಹೋಗಲು. ಕಟ್ಟೆಯ ಮೇಲೆ ಕಾಂಕ್ರೀಟ್ ಕಾಣದ ಹಾಗೆ ಮಣ್ಣು.

ಇದು ಕೆಲಸ ಮಾಡುತ್ತದಾ ಅಂತ ಸಂಶಯಪಟ್ಟವರಿಗೆ ನಾಗಪುರದ ಕಡೆಯ ಪೆಂಚ್ ಹುಲಿ ಕಾಡಿನ ಉದಾಹರಣೆ ತೋರಿಸಿದೆ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಕೆಳಗೆ ಒಂಬತ್ತು ಕಡೆ ಪ್ರಾಣಿಗಳಿಗೆ ದಾರಿ ಬಿಟ್ಟಿದ್ದಾರೆ. 50 ಮೀಟರಿನಿಂದ 750 ಮೀಟರ್‌ವರೆಗೆ. 2019ರಲ್ಲಿ ಅಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ 18 ಬಗೆಯ ಪ್ರಾಣಿಗಳು ಓಡಾಡಿದ್ದವು, ಹುಲಿಯೂ. ನನ್ನದು ನಾಲ್ಕು ಮೀಟರ್. ಹೋಲಿಸಿದರೆ ನಗು ಬರುತ್ತದೆ, ಆದರೂ ತೋರಿಸಿದೆ.

ಇನ್ನೊಂದು ಪ್ರಸ್ತಾಪವನ್ನೂ ಸೇರಿಸಿದ್ದೆ. ಬಂಡೀಪುರದಲ್ಲಿ 2009ರಿಂದ ಇರುವಂತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಂದ್, ಆಂಬುಲೆನ್ಸ್ ಮತ್ತು ಊರಿನವರ ಗಾಡಿ ಬಿಟ್ಟು. ಅದು ಕಾಗದದಲ್ಲೇ ಇದೆ. ಗೇಟಿಗೆ ಮನುಷ್ಯ ಯಾರು ಅನ್ನುವಲ್ಲಿ ನಿಂತಿದೆ.

ಆಮೇಲಿನದು ಕಾಯುವ ಕೆಲಸ. ಜಂಟಿ ಪರಿಶೀಲನೆ, ಮತ್ತೆ ಕ್ವೇರಿ, ರಾಜ್ಯ ವನ್ಯಜೀವಿ ಮಂಡಳಿ, ದಿಲ್ಲಿ. ಹದಿನಾಲ್ಕು ತಿಂಗಳು. ನಡುವೆ, 2022ರ ಮೇನಲ್ಲಿ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ರೈಲು ಜೋಡಿಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಪ್ರಾಣಿ, ಕಾಡಿನ ಮೇಲೆ ಏನಾಗುತ್ತದೆ ಅನ್ನುವ ಅಧ್ಯಯನ ಸರಿಯಾಗಿ ಆಗಿಲ್ಲ ಅನ್ನುವುದು ಅಲ್ಲಿಯ ಮಾತು. ಆಮೇಲೆ ನಮ್ಮ ಆಫೀಸಿನಲ್ಲಿ ನನ್ನ ಕ್ಯಾಮೆರಾ ಫೋಟೋಗಳಿಗೆ ಒಮ್ಮಿಂದೊಮ್ಮೆಲೇ ಮರ್ಯಾದೆ ಬಂತು. ಮಾಲೀಕರೇ ಅವನ್ನು ಕಲರ್ ಪ್ರಿಂಟ್ ತೆಗೆಸಿ ಫೈಲಿಗೆ ಹಚ್ಚಿದರು.

ಕೆಲಸ ಶುರುವಾದ ಮೇಲೆ ಎಲ್ಲಾ ಡ್ರಾಯಿಂಗ್‌ನಂತೆ ಆಯಿತು ಅಂದುಕೊಳ್ಳಬೇಡಿ. ಒಂದು ಭಾನುವಾರ ವಾಚರ್ ಫೋನ್ ಮಾಡಿದರು. ಗುತ್ತಿಗೆದಾರರು ಸುಮಾರು 80 ಮೀಟರ್ ಯು ಗಟಾರ ಹಾಕಿಬಿಟ್ಟಿದ್ದರು. ಅಚ್ಚಿನ ಹಲಗೆ ಅವರ ಹತ್ತಿರ ಅದೇ ಇತ್ತಂತೆ. ನಾನು ಹೋಗುವಷ್ಟರಲ್ಲಿ ಅದರೊಳಗೆ ಕಡವೆಯ ಮರಿ ಸಿಕ್ಕಿಕೊಂಡು, ಊರಿನ ಹುಡುಗರು ಗೋಣಿಚೀಲ ಹಾಕಿ ಎತ್ತಿ ಬಿಟ್ಟಿದ್ದರು. ಹಿಂಗಾಲು ಕೆತ್ತಿತ್ತು, ಓಡಿತಂತೆ. ಬದುಕಿತೋ ಇಲ್ಲವೋ. ಆ 80 ಮೀಟರಿನ ಬಿಲ್ ತಡೆಹಿಡಿದರು. ಒಡೆಯುವುದಕ್ಕೆ ಯಾರೂ ಒಪ್ಪಲಿಲ್ಲ. ಕೊನೆಗೆ ಹತ್ತು ಮೀಟರಿಗೊಂದರಂತೆ ಗಟಾರದ ಗೋಡೆ ಕಡಿದು ಕಲ್ಲು ತುಂಬಿ ಇಳಿಜಾರು ಮಾಡಿಸಿದೆವು. ನೋಡಲು ಚಂದ ಇಲ್ಲ.

‘ವನ್ಯಪ್ರಾಣಿ ದಾಟುವ ಸ್ಥಳ’ ಅನ್ನುವ ಬೋರ್ಡು ಖಿಂಡಿಯಲ್ಲಿ ನೆಡಬೇಕಿತ್ತು. ಅಲ್ಲಿ ಕಲ್ಲು ನೆಲ. ಅರ್ಧ ಕಿಲೋಮೀಟರ್ ಈಚೆ, ಗುಂಡಿ ಸಲೀಸಾಗಿ ತೋಡಲು ಬರುವ ಕಡೆ ನೆಟ್ಟು ಹೋಗಿದ್ದಾರೆ. ಅಲ್ಲಿ ಬರೀ ಕಾಕಾನ ಎಮ್ಮೆ ದಾಟುತ್ತವೆ.

ರಸ್ತೆ ಮುಗಿದ ಮೇಲಿನ ಮೊದಲ ಮಳೆಗಾಲ ಕಳೆದು, ದೀಪಾವಳಿ ಮುಂದೆ ಒಂದು ಕಿಲೋ ಕುಂದಾ ಹಿಡಿದುಕೊಂಡು ಗೌಳಿವಾಡಾಕ್ಕೆ ಹೋದೆ. ಮಜ್ಜಿಗೆ ಕುಡಿದು ಇಬ್ಬರೂ 6/400ಕ್ಕೆ ಇಳಿದೆವು. ಕಟ್ಟೆ ಇರಲೇ ಇಲ್ಲ. ಅಂದರೆ ಇತ್ತು, ಆದರೆ ಹಳ್ಳ ತಂದ ಕಲ್ಲು, ಟೊಂಗೆ, ಕೆಸರು ಮೋರಿಯ ಬಾಯಿಗೆ ಗಂಟಲವರೆಗೆ ತುಂಬಿತ್ತು. ಪ್ರಾಣಿ ಬಿಡಿ, ಬೆಕ್ಕೂ ನುಗ್ಗುವಂತಿರಲಿಲ್ಲ. ಇದನ್ನು ವರ್ಷಕ್ಕೊಮ್ಮೆ ತೆಗೆಸಲು ನನ್ನ ಎಸ್ಟಿಮೇಟ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಮೋರಿಯ ಅಳತೆಗೆ ಅಷ್ಟು ತಲೆ ಕೆಡಿಸಿಕೊಂಡವನು ಕೆಸರನ್ನೇ ಮರೆತಿದ್ದೆ.

ಕಾಕಾ ಮನೆಯಿಂದ ಗುದ್ದಲಿ, ಬುಟ್ಟಿ ತರಿಸಿದರು. ಅವರ ಮೊಮ್ಮಗ, ವಾಚರ್, ನಾನು. ಮಧ್ಯಾಹ್ನದವರೆಗೆ ತೆಗೆದೆವು. ಮಣ್ಣು ಸಮ ಮಾಡಿ, ಜರಡಿ ಹಿಡಿದು ಚೆಲ್ಲಿ ಬಂದೆವು. ಎಂಟು ದಿನದ ಮೇಲೆ ವಾಚರ್ ಮೊಬೈಲಿಗೆ ಫೋಟೋ ಕಳಿಸಿದರು: ಕಡವೆ, ಮುಳ್ಳುಹಂದಿ, ಪುನುಗುಬೆಕ್ಕು, ಒಂದು ಬೈಕಿನ ಟಯರ್. ಬೈಕ್ ಒಳಗೆ ಹೇಗೆ ಹೋಯಿತು, ಯಾಕೆ ಹೋಯಿತು ದೇವರಿಗೇ ಗೊತ್ತು. ಕಾಡೆಮ್ಮೆ ಮಾತ್ರ ಒಂದೂ ಇಲ್ಲ. ಅವು ಈಗಲೂ ಖಿಂಡಿಯಲ್ಲೇ, ರಸ್ತೆಯ ಮೇಲೆಯೇ ದಾಟುತ್ತವೆ. ಅಲ್ಲಿ ಎರಡು ಉಬ್ಬು ಹಾಕಿಸಿದ್ದೇವೆ, ಬಸ್ಸಿನ ಡ್ರೈವರ್ ನನ್ನನ್ನು ಬೈಯುತ್ತಾನೆ.

ಪ್ರತಿ ವರ್ಷ ಮೇ ಕೊನೆಯ ವಾರ ಒಮ್ಮೆ, ಮಳೆ ಹೋದ ಮೇಲೆ ಒಮ್ಮೆ ಕಟ್ಟೆ ತೆಗೆಯುವುದು ಅಂತ ಮಾತಾಗಿದೆ. ಗುದ್ದಲಿ ಕಾಕಾನದು, ಪೆಟ್ರೋಲ್ ನನ್ನದು, ಕುಂದಾ ಕಡ್ಡಾಯ.